ಚೆರೋಕಿ ಜನಾಂಗವೂ ಅವರೊಡನಿದ್ದ ಆಫ್ರಿಕ ಮೂಲದವರೂ



ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ಓದುವವರು ಸಾಮಾನ್ಯವಾಗಿ ಎರಡು ದುಃಖಕಥೆಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಓದುತ್ತಾರೆ. ಒಂದು, ತಮ್ಮ ನೆಲವನ್ನು ಕಳೆದುಕೊಂಡ ಮೂಲನಿವಾಸಿಗಳದು. ಇನ್ನೊಂದು, ಆಫ್ರಿಕದಿಂದ ಬಲಾತ್ಕಾರವಾಗಿ ತರಲ್ಪಟ್ಟು ದಾಸ್ಯದಲ್ಲಿ ಬಿದ್ದವರದು. ಇವೆರಡೂ ಒಂದೇ ಹಟ್ಟಿಯಲ್ಲಿ, ಒಂದೇ ಹೊಲದಲ್ಲಿ ನಡೆದದ್ದೂ ಉಂಟೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಚೆರೋಕಿ ಎಂಬ ಜನಾಂಗದವರ ಮಧ್ಯೆ ಬಾಳಿದ ಆಫ್ರಿಕ ಮೂಲದವರ ಸ್ಥಿತಿಗತಿಗಳೇನು, ಆ ಚೆರೋಕಿಯವರ ಸ್ಥಿತಿಗತಿಗಳೇನು, ದಕ್ಷಿಣದ ಇತರ ಸಂಸ್ಥಾನಗಳಲ್ಲಿ ಬಿಡುಗಡೆ ಹೊಂದಿದ ದಾಸರಿಗಿಂತ ಇವರ ಪಾಡು ಮೇಲಾಗಿತ್ತೇ ಎಂಬ ವಿಷಯವನ್ನು ಈ ಹೊತ್ತು ತಮ್ಮ ಮುಂದಿಡಲು ಉದ್ದೇಶಿಸಿದ್ದೇವೆ.

ಚೆರೋಕಿಯವರ ಮೂಲಸ್ಥಾನ ಅಪಲೇಚಿಯನ್ ಪರ್ವತಗಳ ದಕ್ಷಿಣ ಭಾಗ. ಈಗಿನ ಜಾರ್ಜಿಯ, ಟೆನೆಸಿ, ಉತ್ತರ ಕೆರೊಲೈನ, ಅಲಬಾಮ ಸಂಸ್ಥಾನಗಳು ಕೂಡುವ ಪ್ರದೇಶ. ಇವರನ್ನೂ ಇಂಡಿಯನರೆಂದೇ ಕರೆದರು. ಕೊಲಂಬಸನಿಗೆ ದಾರಿ ತಪ್ಪಿದ್ದರ ಫಲವಾಗಿ ಲಕ್ಷಾಂತರ ಜನ ನಮ್ಮ ಹೆಸರನ್ನು ಹೊರಬೇಕಾಯಿತು, ಅದಿರಲಿ. ಅವರಲ್ಲಿ ಏಳು ಗೋತ್ರಗಳಿದ್ದವು. ಗೋತ್ರವು ತಾಯಿಯಿಂದ ಬರುತ್ತಿತ್ತೇ ಹೊರತು ತಂದೆಯಿಂದಲ್ಲ. ಗೋತ್ರವಿದ್ದವನಿಗೆ ಬಂಧುಗಳುಂಟು, ರಕ್ಷಣೆಯುಂಟು, ನ್ಯಾಯವುಂಟು. ಗೋತ್ರವಿಲ್ಲದವನಿಗೆ ಇವಾವುವೂ ಇಲ್ಲ. ಯುದ್ಧದಲ್ಲಿ ಸೆರೆಸಿಕ್ಕವರನ್ನು ಒಂದು ಗೋತ್ರಕ್ಕೆ ಸೇರಿಸಿಕೊಂಡು ತಮ್ಮವರನ್ನಾಗಿ ಮಾಡಿಕೊಳ್ಳುವ ಪದ್ಧತಿಯೂ ಇತ್ತು. ಭೂಮಿ ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಜನಾಂಗದ್ದು.

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬಿಳಿಯರ ಸರ್ಕಾರವು ಇವರಿಗೆ ಹೇಳಿದ ಬುದ್ಧಿವಾದ ಒಂದೇ: ಬೇಟೆಯನ್ನು ಬಿಡಿ, ನೇಗಿಲು ಹಿಡಿಯಿರಿ, ನಮ್ಮಂತೆ ನಾಗರಿಕರಾಗಿ. ಚೆರೋಕಿಯವರು ಆ ಮಾತನ್ನು ಆಶ್ಚರ್ಯಕರವಾದ ಶ್ರದ್ಧೆಯಿಂದ ಪಾಲಿಸಿದರು. ಸಿಕ್ವೋಯ ಎಂಬಾತನು ಇಂಗ್ಲಿಷನ್ನು ಓದಲರಿಯದವನಾಗಿದ್ದೂ ತನ್ನ ಭಾಷೆಗೆ ಸ್ವತಃ ಒಂದು ಲಿಪಿಯನ್ನು ರಚಿಸಿ 1821ರಲ್ಲಿ ಪ್ರಚುರಪಡಿಸಿದನು. ಅದು ನಮ್ಮ ಅಕ್ಷರಮಾಲೆಯಂತೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಚಿಹ್ನೆಯುಳ್ಳದ್ದು. ಬಳಕೆಯಲ್ಲಿ ನಿಂತ ಅಕ್ಷರಗಳು 85. ಕೆಲವೇ ವರ್ಷಗಳಲ್ಲಿ ಜನರು ಅದನ್ನು ಕಲಿತರು. 1828ರಲ್ಲಿ ಅವರ ರಾಜಧಾನಿಯಾದ ನ್ಯೂ ಎಕೋಟದಿಂದ ‘ಚೆರೋಕಿ ಫೀನಿಕ್ಸ್’ ಎಂಬ ವೃತ್ತಪತ್ರಿಕೆಯು ಎರಡು ಭಾಷೆಗಳಲ್ಲಿ ಹೊರಟಿತು. ಅದಕ್ಕೆ ಒಂದು ವರ್ಷ ಮುಂಚೆ, 1827ರಲ್ಲಿ, ಲಿಖಿತ ರಾಜ್ಯಾಂಗವೂ ಸಿದ್ಧವಾಗಿತ್ತು.

ನಾಗರಿಕತೆಯ ಪಾಠದಲ್ಲಿ ಇನ್ನೊಂದು ಪ್ರಕರಣವೂ ಇತ್ತು. ನೆರೆಯ ಬಿಳಿಯ ಜಮೀನುದಾರನು ಹತ್ತಿಯನ್ನು ಬೆಳೆಯುತ್ತಿದ್ದದ್ದು ದಾಸರ ದುಡಿಮೆಯಿಂದ. ಚೆರೋಕಿಯವರಲ್ಲಿ ಸ್ಥಿತಿವಂತರು ಅದನ್ನೂ ಕಲಿತರು. 1835ರ ಜನಗಣತಿಯಲ್ಲಿ ಚೆರೋಕಿಯವರು ಸುಮಾರು 16,500. ಅವರ ಹತೋಟಿಯಲ್ಲಿದ್ದ ದಾಸರು 1,592. ಇಡೀ ಜನಾಂಗವೇ ದಾಸರನ್ನು ಇಟ್ಟುಕೊಂಡಿತ್ತೆಂದು ಭಾವಿಸಬಾರದು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕುಟುಂಬಗಳಿಗೆ ಒಬ್ಬ ದಾಸನೂ ಇರಲಿಲ್ಲ. ಆದರೆ ಶಾಸನಗಳನ್ನು ಬರೆದವರು ಆ ಉಳಿದ ಕೆಲವರೇ. ಜೋಸೆಫ್ ವಾನ್ ಎಂಬ ಶ್ರೀಮಂತನೊಬ್ಬನಿಗೇ ನೂರಕ್ಕೂ ಮಿಕ್ಕು ದಾಸರಿದ್ದರು. 1827ರ ರಾಜ್ಯಾಂಗದಲ್ಲಿ ಆಫ್ರಿಕದ ತಾಯಿಯ ಮಕ್ಕಳು, ಅವರ ತಂದೆ ಚೆರೋಕಿಯವನೇ ಆಗಿದ್ದರೂ, ಅಧಿಕಾರದ ಸ್ಥಾನಗಳಿಗೆ ಅರ್ಹರಲ್ಲವೆಂದು ಬರೆಯಲಾಯಿತು. 1841ರಲ್ಲಿ ಬಂದ ಶಾಸನವು ಇನ್ನೂ ಕ್ರೂರವಾದದ್ದು. ಅದು ದಾಸರಿಗೆ ಓದುಬರಹ ಕಲಿಸುವುದನ್ನು ನಿಷೇಧಿಸಿತು. ತಾನೇ ಲಿಪಿಯನ್ನು ಸೃಷ್ಟಿಸಿಕೊಂಡು ಇಪ್ಪತ್ತೇ ವರ್ಷಗಳಾಗಿದ್ದ ಜನಾಂಗವು ಇಂಥ ಶಾಸನವನ್ನು ಮಾಡಿತೆಂಬುದನ್ನು ನಾವು ಎಷ್ಟು ಸಲ ಓದಿದರೂ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ಈ ವ್ಯವಸ್ಥೆಯು ಮನೆಯ ಒಳಗೆ ಹೇಗೆ ಕೆಲಸಮಾಡುತ್ತಿತ್ತೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ಶೂ ಬೂಟ್ಸ್ ಎಂದು ಹೆಸರಾದ ಚೆರೋಕಿ ವೀರನೊಬ್ಬನಿಗೆ ಡಾಲ್ ಎಂಬ ಆಫ್ರಿಕ ಮೂಲದ ದಾಸಿಯಲ್ಲಿ ಮಕ್ಕಳಾದರು. ತಾಯಿಗೆ ಗೋತ್ರವಿಲ್ಲ, ಆದ್ದರಿಂದ ಮಕ್ಕಳಿಗೂ ಇಲ್ಲ. ಶಾಸನದ ದೃಷ್ಟಿಯಲ್ಲಿ ಅವರು ತಂದೆಯ ಆಸ್ತಿ. ತಾನು ಸತ್ತರೆ ಮಕ್ಕಳು ದನಕರುಗಳೊಡನೆ ಪಾಲಾಗಿ ಹೋಗುವರೆಂಬ ಭಯದಿಂದ ಮುದುಕನು 1824ರಲ್ಲಿ ರಾಷ್ಟ್ರಸಭೆಗೆ ಅರ್ಜಿ ಕೊಟ್ಟು, ಇವರನ್ನು ಸ್ವತಂತ್ರರೆಂದೂ ಪ್ರಜೆಗಳೆಂದೂ ಒಪ್ಪಬೇಕೆಂದು ಬೇಡಿದನು. ಸಭೆಯು ಆಗ ಇದ್ದ ಮೂವರು ಮಕ್ಕಳಿಗೆ ಆ ಅನುಗ್ರಹವನ್ನು ಮಾಡಿತು. ಇನ್ನು ಮುಂದೆ ಆಕೆಯಲ್ಲಿ ಮಕ್ಕಳನ್ನು ಪಡೆಯಕೂಡದೆಂದು ಕಟ್ಟುಮಾಡಿತು. ತಾಯಿಯ ಬಿಡುಗಡೆಯ ಮಾತೇ ಅಲ್ಲಿ ಬರಲಿಲ್ಲ. ಬಳಿಕ ಹುಟ್ಟಿದ ಅವಳಿ ಮಕ್ಕಳು ದಾಸರಾಗಿಯೇ ಉಳಿದರು. ಒಂದೇ ತಾಯಿತಂದೆಗಳ ಮಕ್ಕಳಲ್ಲಿ ಹಿರಿಯರು ಪ್ರಜೆಗಳು, ಕಿರಿಯರು ಸ್ವತ್ತು.

ಬಿಳಿಯರಂತೆ ನಡೆದುಕೊಂಡದ್ದರಿಂದ ಚೆರೋಕಿಯವರಿಗೆ ತಮ್ಮ ನೆಲ ಉಳಿಯಿತೇ ಎಂದರೆ, ಅದೂ ಇಲ್ಲ. ಜಾರ್ಜಿಯದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಸ್ಥಳಾಂತರದ ಶಾಸನವಾಯಿತು. 1832ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಚೆರೋಕಿಯವರ ಪಕ್ಷವಾಗಿಯೇ ತೀರ್ಪುಕೊಟ್ಟರೂ ಅದು ಕಾಗದದ ಮೇಲೆ ಉಳಿಯಿತು. 1838 ಮತ್ತು 1839ರಲ್ಲಿ ಸುಮಾರು 16,000 ಜನರನ್ನು ಸೈನಿಕರು ಕೂಡಿಹಾಕಿ ಮಿಸಿಸಿಪಿ ನದಿಯಾಚೆಗೆ ಅಟ್ಟಿದರು. ಸುಮಾರು 4,000 ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ‘ಕಣ್ಣೀರಿನ ಹಾದಿ’ ಎಂದು ಹೆಸರಾದ ಈ ಯಾತ್ರೆಯಲ್ಲಿ ದಾಸರೂ ನಡೆದರು. ಒಡೆಯರ ಸಾಮಾನುಗಳನ್ನು ಹೊತ್ತವರು, ದಾರಿ ಕಡಿದವರು, ಅಡಿಗೆ ಮಾಡಿದವರು ಅವರೇ. ಅವರ ಕಣ್ಣೀರಿನ ಲೆಕ್ಕವನ್ನು ಬಹುಕಾಲ ಯಾರೂ ಇಡಲಿಲ್ಲ.

ಹೊಸ ನಾಡು, ಎಂದರೆ ಈಗಿನ ಓಕ್ಲಹೋಮದ ಈಶಾನ್ಯ ಭಾಗ, ದಾಸರಿಗೆ ಹೊಸದೇನನ್ನೂ ಕೊಡಲಿಲ್ಲ. 1842ರ ನವೆಂಬರಿನಲ್ಲಿ ವೆಬ್ಬರ್ಸ್ ಫಾಲ್ಸ್ ಎಂಬಲ್ಲಿ ವಾನನ ದಾಸರು ಇಪ್ಪತ್ತಕ್ಕೂ ಹೆಚ್ಚು ಮಂದಿ, ಒಡೆಯರು ಮಲಗಿದ್ದಾಗ ಹೊರಗಿನಿಂದ ಬಾಗಿಲು ಭದ್ರಪಡಿಸಿ, ಕುದುರೆಗಳನ್ನೂ ಬಂದೂಕುಗಳನ್ನೂ ತೆಗೆದುಕೊಂಡು ದಾಸ್ಯವಿಲ್ಲದ ಮೆಕ್ಸಿಕೋ ದೇಶದ ಕಡೆಗೆ ಹೊರಟರು. ಚೆರೋಕಿ ದಂಡು ಬೆನ್ನಟ್ಟಿ, ರೆಡ್ ನದಿಯ ಸಮೀಪದಲ್ಲಿ ಹಿಡಿದು ತಂದಿತು. 1860ರ ವೇಳೆಗೆ ದಾಸರ ಸಂಖ್ಯೆ ಎರಡೂವರೆ ಸಾವಿರಕ್ಕೆ ಏರಿತ್ತು. ತರುವಾಯ ಅಂತರ್ಯುದ್ಧ ಬಂದಿತು. ಚೆರೋಕಿ ಸರ್ಕಾರವು 1861ರಲ್ಲಿ ದಕ್ಷಿಣದ ದಾಸ್ಯಪಕ್ಷದೊಡನೆ ಕೌಲು ಮಾಡಿಕೊಂಡಿತು, ಜನಾಂಗ ಒಡೆಯಿತು, ಉತ್ತರದ ಪಕ್ಷದವರ ಸಭೆಯು 1863ರಲ್ಲಿ ದಾಸ್ಯವನ್ನು ರದ್ದುಗೊಳಿಸಿತು.

ಇನ್ನು ನಮ್ಮ ಹೋಲಿಕೆಯ ಮುಖ್ಯಭಾಗಕ್ಕೆ ಬರೋಣ. ಯುದ್ಧವು ಮುಗಿದಾಗ ದಕ್ಷಿಣದ ಸಂಸ್ಥಾನಗಳಲ್ಲಿ ಸುಮಾರು ನಾಲ್ವತ್ತು ಲಕ್ಷ ದಾಸರು ಬಿಡುಗಡೆ ಹೊಂದಿದರು. ಅವರಿಗೆ ಸ್ವಾತಂತ್ರ್ಯವು ಬಂದಿತು, ನೆಲವು ಬರಲಿಲ್ಲ. ಸೇನಾಪತಿ ಷರ್ಮನ್ ಎಂಬಾತನು 1865ರ ಜನವರಿಯಲ್ಲಿ ಕರಾವಳಿಯ ಜಮೀನನ್ನು ಕುಟುಂಬಕ್ಕೆ ನಾಲ್ವತ್ತು ಎಕರೆಯವರೆಗೆ ಹಂಚಲು ಆಜ್ಞೆ ಮಾಡಿದ್ದನು. ಆ ವರ್ಷವೇ ಅಧ್ಯಕ್ಷ ಜಾನ್ಸನನು ಅದನ್ನು ತಿರುಗಿಸಿ ಹಳೆಯ ಜಮೀನುದಾರರಿಗೇ ಕೊಟ್ಟುಬಿಟ್ಟನು. ನಿನ್ನೆಯ ದಾಸನು ನಿನ್ನೆಯ ಒಡೆಯನ ಹೊಲವನ್ನೇ ವಾರಕ್ಕೆ ಸಾಗುವಳಿ ಮಾಡಬೇಕಾಯಿತು. ಬೀಜಕ್ಕೆ ಸಾಲ, ಎತ್ತಿಗೆ ಸಾಲ, ಹಿಟ್ಟಿಗೆ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನು ಒಡೆಯನೇ.

ಚೆರೋಕಿ ನಾಡಿನಲ್ಲಿ ಹಾಗಾಗಲಿಲ್ಲ. 1866ರ ಜುಲೈ 19ರಂದು ಆದ ಕೌಲಿನ ಒಂಬತ್ತನೆಯ ವಿಧಿಯ ಪ್ರಕಾರ ಬಿಡುಗಡೆಯಾದ ದಾಸರಿಗೂ ಅವರ ಸಂತತಿಗೂ ಹುಟ್ಟು ಚೆರೋಕಿಯವರಿಗಿರುವ ಸಕಲ ಹಕ್ಕುಗಳೂ ಬಂದವು. ಅಲ್ಲಿ ಭೂಮಿ ಸಮಷ್ಟಿಯ ಸ್ವತ್ತಾಗಿದ್ದುದರಿಂದ ಪ್ರಜೆಯಾದವನು ಯಾರನ್ನೂ ಕೇಳಬೇಕಾಗಿರಲಿಲ್ಲ. ನೆರೆಯವನ ಸಾಗುವಳಿಯಿಂದ ಕಾಲು ಮೈಲಿ ದೂರ ಬಿಟ್ಟು ತನಗೆ ಬೇಕಾದಷ್ಟು ನೆಲಕ್ಕೆ ಬೇಲಿ ಹಾಕಿ ಉಳಬಹುದಾಗಿತ್ತು. ಅವನು ಕಟ್ಟಿದ ಮನೆ, ನೆಟ್ಟ ಮರ, ಹಾಕಿದ ಬೇಲಿ ಅವನವೇ. ಕಂದಾಯವಿಲ್ಲ, ಗುತ್ತಿಗೆಯಿಲ್ಲ. ಇದರ ಫಲವೇನೆಂಬುದನ್ನು 1880ರ ಚೆರೋಕಿ ಜನಗಣತಿಯನ್ನು ಶೋಧಿಸಿದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಆಫ್ರಿಕ ಮೂಲದವರಿಗೂ ಇತರರಿಗೂ ನಡುವಣ ಆಸ್ತಿಯ ಅಂತರವು ದಕ್ಷಿಣದ ಸಂಸ್ಥಾನಗಳಿಗಿಂತ ಇಲ್ಲಿ ಗಣನೀಯವಾಗಿ ಕಡಮೆಯಾಗಿತ್ತು. ಅದೇ ಹಿಂದಿನ ದಾಸ್ಯ, ಅದೇ ಬರಿಗೈ, ವ್ಯತ್ಯಾಸವಿದ್ದದ್ದು ನೆಲದಲ್ಲಿ. ದಾಸ್ಯದಿಂದ ಬಂದವರು ಸೋಮಾರಿಗಳು, ಸ್ವಂತ ಬೇಸಾಯಕ್ಕೆ ತಕ್ಕವರಲ್ಲ ಎಂದು ದಕ್ಷಿಣದ ಜಮೀನುದಾರರು ಹೇಳುತ್ತಿದ್ದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. 1875ರಲ್ಲಿ ಜೋಸೆಫ್ ಬ್ರೌನ್ ಎಂಬಾತನು ಇವರಲ್ಲಿ ಮೊದಲಿಗನಾಗಿ ರಾಷ್ಟ್ರಸಭೆಗೆ ಚುನಾಯಿತನಾದನು. ಶಾಲೆಗಳೂ ದೊರೆತವು, ಪ್ರತ್ಯೇಕವಾಗಿ.

ಆದರೆ ಸಮಾಜವು ನೆಲದಷ್ಟು ಉದಾರವಾಗಿರಲಿಲ್ಲ. ಕೌಲಿನಲ್ಲಿ ಒಂದು ಷರತ್ತಿತ್ತು: ಯುದ್ಧದಲ್ಲಿ ಚದುರಿಹೋದವರು ಆರು ತಿಂಗಳ ಒಳಗೆ ಹಿಂದಿರುಗಿರಬೇಕು. ಒಡೆಯರು ದಾಸರನ್ನು ಟೆಕ್ಸಸಿಗೆ ಸಾಗಿಸಿದ್ದರು. ಎಷ್ಟೋ ಜನ ಕ್ಯಾನ್ಸಸಿಗೆ ಓಡಿಹೋಗಿದ್ದರು. ಓದಲು ಬಾರದವರು, ಕೈಯಲ್ಲಿ ಕಾಸಿಲ್ಲದವರು, ಇಂಥದೊಂದು ಗಡುವಿದೆಯೆಂಬುದನ್ನು ಯಾರಿಂದ ಕೇಳಬೇಕು? ತಡವಾಗಿ ಬಂದವರು ಹುಟ್ಟಿದ ಊರಿನಲ್ಲೇ ಅತಿಕ್ರಮಿಗಳೆನಿಸಿದರು. ಗಂಡನು ಪ್ರಜೆ, ಹೆಂಡತಿ ಪರಕೀಯಳು ಎಂಬ ಸಂಸಾರಗಳಾದವು. 1883ರಲ್ಲಿ ಹುಲ್ಲುಗಾವಲಿನ ಗುತ್ತಿಗೆಯ ಹಣವನ್ನು ಹಂಚುವಾಗ ರಾಷ್ಟ್ರಸಭೆಯು ಅದನ್ನು ಚೆರೋಕಿ ರಕ್ತದವರಿಗೆ ಮಾತ್ರ ಕೊಡತಕ್ಕದ್ದೆಂದು ವಿಧಿಸಿತು. ಮುಖ್ಯಸ್ಥನಾಗಿದ್ದ ಡೆನಿಸ್ ಬುಷಿಹೆಡ್ ಇದು ಕೌಲಿಗೆ ವಿರುದ್ಧವೆಂದು ತಡೆದನು. ಸಭೆಯು ಆತನನ್ನೂ ಮೀರಿತು. ಚೆರೋಕಿಯವರ ಪಕ್ಷವಾಗಿಯೂ ಒಂದು ಮಾತನ್ನು ಹೇಳಬೇಕು. ತಮ್ಮ ಪ್ರಜೆಗಳು ಯಾರೆಂಬುದನ್ನು ಸೋತ ಯುದ್ಧದ ತರುವಾಯ ಗೆದ್ದವರು ನಿರ್ಧರಿಸಿದರೆಂಬ ಕಹಿ ಅವರಲ್ಲಿತ್ತು. ಪೂರ್ವದಲ್ಲಿ ನೆಲ ಕಳೆದುಕೊಂಡವರಿಗೆ ಹಂಚಿಕೆಯೆಂದರೆ ಅಂಜಿಕೆಯಿದ್ದುದೂ ಸಹಜ. ಆ ಅಂಜಿಕೆಯ ಬೆಲೆಯನ್ನು ಮಾತ್ರ ತಮಗಿಂತ ದುರ್ಬಲರಿಂದ ವಸೂಲು ಮಾಡಿದರು.

ಇಷ್ಟರಲ್ಲಿ ವಾಷಿಂಗ್ಟನ್ ಸರ್ಕಾರವು ಸಮಷ್ಟಿ ಭೂಮಿಯನ್ನೇ ಒಡೆಯಲು ನಿಶ್ಚಯಿಸಿತು. 1898ರ ಶಾಸನದಂತೆ ಡಾಸ್ ಮಂಡಲಿಯ ಗುಮಾಸ್ತರು ಮೇಜು ಹಾಕಿಕೊಂಡು ಕುಳಿತು ಪಟ್ಟಿಗಳನ್ನು ಬರೆದರು. ಚೆರೋಕಿ ರಕ್ತದವರಿಗೊಂದು ಪಟ್ಟಿ. ಬಿಡುಗಡೆಯಾದ ದಾಸರಿಗೂ ಅವರ ಮಕ್ಕಳಿಗೂ ಮತ್ತೊಂದು. ಮೊದಲನೆಯದರಲ್ಲಿ ರಕ್ತದ ಭಾಗವನ್ನು ಅರೆ, ಕಾಲು, ಅರೆಕಾಲು ಎಂದು ಬರೆದರು. ಎರಡನೆಯದರಲ್ಲಿ ಅಂಥ ಅಂಕಣವೇ ಇರಲಿಲ್ಲ. ತಂದೆಯೋ ಅಜ್ಜನೋ ಚೆರೋಕಿಯವನಾಗಿದ್ದರೂ, ಆಫ್ರಿಕದ ಛಾಯೆ ಕಂಡವರನ್ನು ಸಾಮಾನ್ಯವಾಗಿ ಎರಡನೆಯ ಪಟ್ಟಿಗೇ ಹಾಕಿದರು. ಸುಮಾರು 4,900 ಹೆಸರುಗಳು ಅದರಲ್ಲಿ ಸೇರಿದವು. ತಲೆಗೆ ಸರಾಸರಿ 110 ಎಕರೆಯ ಬೆಲೆಬಾಳುವ ಭೂಮಿ ಇಬ್ಬರಿಗೂ ಸಮನಾಗಿಯೇ ಬಂದಿತು. ಪಟ್ಟಿಯ ಭೇದವು ಫಲಿಸಿದ್ದು ಅನಂತರ. ಪೂರ್ಣರಕ್ತದ ಚೆರೋಕಿಯವರ ನೆಲವನ್ನು ಮಾರಕೂಡದೆಂಬ ನಿರ್ಬಂಧವು ಉಳಿಯಿತು. ದಾಸಮೂಲದವರ ಮೇಲಿದ್ದ ನಿರ್ಬಂಧವನ್ನು 1904ರಲ್ಲಿ ಬಹುಭಾಗ, 1908ರಲ್ಲಿ ಪೂರ್ತಿಯಾಗಿ ತೆಗೆದರು. ಇದನ್ನು ಅವರಿಗೆ ಮಾಡಿದ ಉಪಕಾರವೆಂದು ವರ್ಣಿಸಿದವರೂ ಉಂಟು. ಭೂವ್ಯಾಪಾರಿಗಳು ಕಾದಿದ್ದರು, ತೆರಿಗೆಯೂ ಬಿದ್ದಿತು, ನಾಲ್ಕು ದಶಕಗಳಲ್ಲಿ ಕಟ್ಟಿದ್ದು ಕೆಲವು ವರ್ಷಗಳಲ್ಲಿ ಕೈಬಿಡತೊಡಗಿತು. ಪೂರ್ಣರಕ್ತದವರ ನೆಲವೂ ಪಾಲಕರ ಮೋಸದಿಂದ ಹೋಯಿತೆಂಬುದು ಬೇರೆ ಮಾತು.

1907ರಲ್ಲಿ ಓಕ್ಲಹೋಮ ಸಂಸ್ಥಾನವು ಸ್ಥಾಪಿತವಾಯಿತು. ಅದರ ರಾಜ್ಯಾಂಗವು ಆಫ್ರಿಕ ಮೂಲದವರೆಲ್ಲರನ್ನೂ ವರ್ಣೀಯರೆಂದೂ ಮಿಕ್ಕವರೆಲ್ಲರನ್ನೂ ಬಿಳಿಯರೆಂದೂ ವಿಂಗಡಿಸಿತು. ಹೀಗೆ ಚೆರೋಕಿಯವನು ಶಾಸನದಲ್ಲಿ ಬಿಳಿಯನಾದನು. ಅವನೊಡನೆ ಅದೇ ಭಾಷೆಯನ್ನಾಡುತ್ತ ಅದೇ ಹಾದಿಯನ್ನು ನಡೆದು ಬಂದವನ ಮೊಮ್ಮಗನು ರೈಲಿನಲ್ಲಿ ಬೇರೆ ಗಾಡಿಗೆ ಹತ್ತಬೇಕಾಯಿತು. ಹೊಸ ಶಾಸನಸಭೆಯ ಮೊಟ್ಟಮೊದಲ ಮಸೂದೆಗಳಲ್ಲಿ ಒಂದು ಆ ಗಾಡಿಗಳ ವಿಷಯವೇ.

ಅಲ್ಲಿಂದ ಮುಂದಿನದು ನ್ಯಾಯಾಲಯಗಳ ಕಥೆ. ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಚೆರೋಕಿ ರಾಷ್ಟ್ರವು 1970ರ ದಶಕದಲ್ಲಿ ತನ್ನ ಚುನಾಯಿತ ಸರ್ಕಾರವನ್ನು ಮತ್ತೆ ಕಟ್ಟಿಕೊಂಡಿತು. 1983ರಲ್ಲಿ ಮತ ಹಾಕಲು ಬಂದ ದಾಸಮೂಲದವರನ್ನು, ರಕ್ತದ ಪ್ರಮಾಣಪತ್ರವಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. 2006ರಲ್ಲಿ ಚೆರೋಕಿ ನ್ಯಾಯಾಲಯವೇ ಅವರ ಹಕ್ಕನ್ನು ಎತ್ತಿಹಿಡಿಯಿತು. 2007ರ ಮಾರ್ಚಿಯಲ್ಲಿ ಮತದಾರರು ಮುಕ್ಕಾಲು ಪಾಲಿಗೂ ಮೀರಿದ ಬಹುಮತದಿಂದ ರಾಜ್ಯಾಂಗವನ್ನು ತಿದ್ದಿ ಸುಮಾರು 2,800 ಮಂದಿಯನ್ನು ಹೊರಹಾಕಿದರು. ಆಸ್ಪತ್ರೆ, ವಸತಿ, ವಿದ್ಯಾರ್ಥಿವೇತನ ಎಲ್ಲವೂ ಪ್ರಜಾತ್ವವನ್ನು ಅವಲಂಬಿಸಿದ್ದುದರಿಂದ ಇದು ಬರಿಯ ಮಾನದ ಪ್ರಶ್ನೆಯಾಗಿರಲಿಲ್ಲ. ಮರ್ಲಿನ್ ವಾನ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಹೋರಾಡಿದರು. 2017ರ ಆಗಸ್ಟಿನಲ್ಲಿ ವಾಷಿಂಗ್ಟನಿನ ನ್ಯಾಯಾಧೀಶರು 1866ರ ಕೌಲು ಇನ್ನೂ ಜೀವಂತವಾಗಿದೆಯೆಂದು ತೀರ್ಪಿತ್ತರು. ಚೆರೋಕಿ ಸರ್ಕಾರವು ಮೇಲರ್ಜಿ ಹಾಕಲಿಲ್ಲ. 2021ರ ಫೆಬ್ರವರಿಯಲ್ಲಿ ಚೆರೋಕಿಯವರ ಸ್ವಂತ ಸರ್ವೋಚ್ಚ ನ್ಯಾಯಾಲಯವು ‘ರಕ್ತದಿಂದ’ ಎಂಬ ಪದವನ್ನು ತಮ್ಮ ರಾಜ್ಯಾಂಗದಿಂದ ತೆಗೆಸಿತು. ಆ ವೇಳೆಗೆ ಸುಮಾರು 8,500 ಮಂದಿ ದಾಸಮೂಲದವರು ಪ್ರಜೆಗಳಾಗಿ ನೋಂದಾಯಿತರಾಗಿದ್ದರು. ಅದೇ ವರ್ಷ ಶ್ರೀಮತಿ ವಾನ್ ಅವರನ್ನು ರಾಷ್ಟ್ರದ ಪರಿಸರ ಮಂಡಲಿಗೆ ನೇಮಿಸಿದರು.

ನೋಂದಣಿಗೆ ಹೋಗುವವರು ಈಗಲೂ ತಮ್ಮ ಪೂರ್ವಿಕನ ಹೆಸರನ್ನು ಡಾಸ್ ಗುಮಾಸ್ತರು ಬರೆದ ಪಟ್ಟಿಯಲ್ಲಿ ತೋರಿಸಬೇಕು. ಬೇರ್ಪಡಿಸಲೆಂದು ಬರೆದ ಆ ಎರಡನೆಯ ಪಟ್ಟಿಯೇ ಅವರಿಗೆ ಇಂದು ಬಾಗಿಲು. ಆರು ತಿಂಗಳ ಗಡುವಿಗೆ ಮುಟ್ಟಲಾರದೆ ಟೆಕ್ಸಸಿನಿಂದ ತಡವಾಗಿ ನಡೆದು ಬಂದು, ಯಾವ ಪಟ್ಟಿಗೂ ಸೇರದೆ ಹೋದವರ ಮೊಮ್ಮಕ್ಕಳಿಗೆ ಆ ಬಾಗಿಲು ಇಲ್ಲ.