ಹೈಸ್ಕೂಲಿಗೂ ಬೇಕು ಚಿತ್ರಪುಸ್ತಕ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಗೆ ಐವತ್ತು ವರ್ಷ ತುಂಬಿದ ನೆನಪಿಗೆ ಗ್ರಂಥಾಲಯಕ್ಕೆ ಪುಸ್ತಕ ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ತೀರ್ಮಾನಿಸಿದ್ದೇವೆ. ಪಟ್ಟಿಯಲ್ಲಿ ನಿಘಂಟು, ವಿಜ್ಞಾನದ ಪುಸ್ತಕ, ಮಹಾಪುರುಷರ ಚರಿತ್ರೆ ಇವೆ. ಎಲ್ಲವೂ ಬೇಕಾದವೇ. ಅದಕ್ಕೆ ಚಿತ್ರಪುಸ್ತಕಗಳನ್ನೂ ಸೇರಿಸಿ ಎಂದು ಕೇಳಲು ನಿಂತಿದ್ದೇನೆ. ಹೈಸ್ಕೂಲಿಗೆ ಚಿತ್ರದ ಪುಸ್ತಕ ಯಾಕೆ ಎಂದು ನೀವು ಕೇಳಬಹುದು.

ನಮ್ಮ ಸುತ್ತಮುತ್ತ ನೋಡಿ. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಒಂದು ಕಾಲಕ್ಕೆ ಹಳ್ಳಿಗಳು. ಇಂದು ಎಲ್ಲವೂ ನಗರದೊಳಗೆ ಸೇರಿಹೋಗಿವೆ. ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರ ಮಕ್ಕಳು ಸರ್ಕಾರಿ ಶಾಲೆಗೆ ಬರುತ್ತಾರೆ. ಮನೆಮಾತು ತೆಲುಗು, ತಮಿಳು, ಉರ್ದು, ಹಿಂದಿ ಏನೂ ಇರಬಹುದು. ಅಪ್ಪ ಅಮ್ಮನ ಕೆಲಸದ ಹಿಂದೆ ಶಾಲೆ ಬದಲಾಯಿಸುತ್ತಾ ಬಂದ ಮಗು ಎಂಟನೇ ತರಗತಿಯಲ್ಲೂ ಒತ್ತಕ್ಷರ ಕಂಡರೆ ತಡವರಿಸುತ್ತದೆ. ಅದರ ಕೈಗೆ ಒಂದನೇ ತರಗತಿಯ ಪಠ್ಯ ಕೊಟ್ಟರೆ ಪಕ್ಕದವರು ನಗುತ್ತಾರೆ. ನಾಚಿಕೆಗೆ ಮಗು ಓದನ್ನೇ ಬಿಡುತ್ತದೆ.

ಚಿತ್ರಪುಸ್ತಕ ಇಲ್ಲಿ ಕೈ ಹಿಡಿಯುತ್ತದೆ. ‘ಅಜ್ಜಿ ಹಿತ್ತಲಿಗೆ ಹೋದಳು’ ಎಂಬ ಒಂದು ಸಾಲು ಇದೆ ಎನ್ನಿ. ಹಿತ್ತಲು ಎಂದರೇನೆಂದು ಚಿತ್ರ ತೋರಿಸುತ್ತದೆ. ಅಜ್ಜಿಯ ಹಿಂದೆಯೇ ಬೆಕ್ಕು ಹೊರಟದ್ದನ್ನು ಸಾಲು ಹೇಳಿಲ್ಲ, ಮಗುವೇ ಕಂಡುಕೊಳ್ಳುತ್ತದೆ. ಮುಂದೇನಾಯಿತೆಂಬ ಆಸೆಗೆ ಪುಟ ತಿರುಗಿಸುತ್ತದೆ.

ಇದೇನು ಹೊಸ ಮಾತಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಸಚಿತ್ರ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆಯಲ್ಲಿ ಒಂದೇ ಚಿತ್ರಗಳನ್ನಿಟ್ಟು ಹಲವು ಭಾಷೆಗಳಲ್ಲಿ ಪುಸ್ತಕ ಮಾಡಿತು. ಕನ್ನಡದ ಪ್ರತಿಯನ್ನೂ ತಮಿಳಿನ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಇಬ್ಬರು ಮಕ್ಕಳು ಒಟ್ಟಿಗೆ ಓದಬಹುದು. ಅದರ ದಕ್ಷಿಣ ವಿಭಾಗದ ಕಚೇರಿ ಹಿಂದೆ ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿತ್ತು, ಆಮೇಲೆ ಬನಶಂಕರಿ ಬಿಡಿಎ ಕಾಂಪ್ಲೆಕ್ಸಿಗೆ ಬಂತು. ನಮಗೆ ದೂರವೇನಲ್ಲ. 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ತಂದಿತು. 2015ರಲ್ಲಿ ಅದು ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕಥೆಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಬಹುದು, ತಮ್ಮ ಭಾಷೆಗೆ ಅನುವಾದಿಸಲೂಬಹುದು.

ದೊಡ್ಡ ಮಕ್ಕಳಿಗೆ ನಾಚಿಕೆಯಾಗದಂತೆ ಹೀಗೆ ಮಾಡೋಣ. ಶನಿವಾರ ಅರ್ಧ ಗಂಟೆ ನಮ್ಮ ಎಂಟನೇ ತರಗತಿಯವರು ಹತ್ತಿರದ ಪ್ರಾಥಮಿಕ ಶಾಲೆಗೆ ಹೋಗಿ ಚಿಕ್ಕವರಿಗೆ ಕಥೆ ಓದಿ ಹೇಳಲಿ. ಓದಿ ಹೇಳಬೇಕಾದರೆ ಹಿಂದಿನ ದಿನ ತಾವು ನಾಲ್ಕು ಸಲ ಓದಿಕೊಳ್ಳಲೇಬೇಕು. ಆಗ ಅದು ಎಳೆಯರ ಪುಸ್ತಕವಲ್ಲ, ಅಣ್ಣ ಅಕ್ಕಂದಿರು ಹೊತ್ತ ಜವಾಬ್ದಾರಿ. ತಮಿಳು ಬಲ್ಲವರು, ಉರ್ದು ಬಲ್ಲವರು ತಮ್ಮ ಮನೆಯ ಕಥೆಯನ್ನು ಕನ್ನಡದಲ್ಲಿ ಬರೆದು ಚಿತ್ರ ಬಿಡಿಸಲಿ.

ಕೊನೆಯದಾಗಿ ಒಂದು ಮಾತು. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರು. ಹಾಗಾಗಿ ಕಪಾಟಿಗೆ ಬೀಗ ಬೀಳುವುದು ಸಹಜ. ಹರಿದ ಪುಸ್ತಕಕ್ಕೆ ಬೈಂಡು ಹಾಕಿಸುವ, ಕಳೆದದ್ದಕ್ಕೆ ಇನ್ನೊಂದು ತಂದಿಡುವ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳು ನಾವೇ ಹೊರೋಣ. ವರ್ಷದ ಕೊನೆಗೆ ಪುಟ ಮಾಸಿ, ಅಂಚು ಸವೆದ ಪುಸ್ತಕಗಳನ್ನು ಎಣಿಸೋಣ. ನಾವು ಕೊಟ್ಟ ಕಾಣಿಕೆ ಸಾರ್ಥಕವಾಯಿತೋ ಇಲ್ಲವೋ ಎಂಬುದನ್ನು ಆ ಎಣಿಕೆಯೇ ಹೇಳುತ್ತದೆ.