ದಿವಾನರ ಕಚೇರಿಯಿಂದ ನಮ್ಮ ಕೇರಿಯವರೆಗೆ



ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನ ಆಚರಿಸುತ್ತೇವೆ. 1843ರ ಅದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಹೊರಡಿಸಿದರು. ಕಲ್ಲಚ್ಚಿನಲ್ಲಿ ತೆಗೆದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪುಟ್ಟ ಪತ್ರಿಕೆ. ಊರ ಸುದ್ದಿ, ಸರ್ಕಾರದ ನಿರೂಪಗಳು, ಪರದೇಶದ ವರ್ತಮಾನ, ಕಥೆ, ಬುದ್ಧಿಮಾತು ಎಲ್ಲವೂ ಅದರಲ್ಲಿದ್ದವು. ಅದಕ್ಕೆ ಆರು ವರ್ಷ ಮೊದಲು, 1837ರಲ್ಲಿ, ಕಲ್ಯಾಣಪ್ಪನ ದಂಗೆಯ ಜನ ಮಂಗಳೂರಿಗೇ ನುಗ್ಗಿದ್ದರು. ಬಾಯಿಂದ ಬಾಯಿಗೆ ಹರಡುವ ಸುದ್ದಿ ಎಂಥ ಬಿರುಗಾಳಿ ಎಬ್ಬಿಸಬಲ್ಲದು ಎಂಬುದು ಆ ಊರಿಗೆ ಗೊತ್ತಿತ್ತು. ಅಂಥ ಊರಿನಲ್ಲಿ ಸುದ್ದಿಯನ್ನು ಬರೆದು, ಅಚ್ಚು ಹಾಕಿ, ಇದಕ್ಕೆ ನಾನು ಹೊಣೆ ಎಂದು ಒಬ್ಬರು ಹೆಸರು ಹಾಕಿಕೊಂಡು ನಿಂತದ್ದು ದೊಡ್ಡ ಸಂಗತಿ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಬಹುಕಾಲ ಉಳಿಯಲಿಲ್ಲ.

ಆದರೆ ಅದು ಕಂಪನಿ ಸರ್ಕಾರದ ಜೊತೆ ಜಗಳಕ್ಕಿಳಿಯುವ ಪತ್ರಿಕೆಯಾಗಿರಲಿಲ್ಲ. ಆಳುವವರನ್ನು ಎದುರು ನಿಲ್ಲಿಸಿ ಲೆಕ್ಕ ಕೇಳುವ ಅಭ್ಯಾಸ ಕನ್ನಡಕ್ಕೆ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ. ನಮ್ಮನ್ನು ನಾವೇ ಎದುರು ನಿಲ್ಲಿಸಿಕೊಂಡು ಲೆಕ್ಕ ಕೇಳುವ ಅಭ್ಯಾಸ ಇನ್ನೂ ತಡವಾಗಿ ಬಂತು. ಈ ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ್ದು ಎಂದು ನಾನು ನಂಬಿದ್ದೇನೆ. ಇವತ್ತು ಮಾತಾಡಬೇಕೆಂದಿರುವುದು ಆ ದಾರಿಯ ಬಗ್ಗೆ.

ಮೊದಲು ಮೈಸೂರಿಗೆ ಹೋಗೋಣ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದರು. ದಸರೆಗೆ ಬಂದ ರೈತರು, ವರ್ತಕರು ದಿವಾನರ ಮುಂದೆ ಅಹವಾಲು ಹೇಳಿಕೊಳ್ಳಬಹುದಿತ್ತು, ಆದರೆ ಅವರಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ದಸರೆ ಮುಗಿದು ಪ್ರತಿನಿಧಿಗಳು ಊರಿಗೆ ಹೋದ ಮೇಲೆ ವರ್ಷದ ಮಿಕ್ಕ ದಿನಗಳಲ್ಲಿ ಆ ಅಹವಾಲನ್ನು ಎತ್ತಿ ಹಿಡಿಯುವವರು ಯಾರು? ಆ ಕೆಲಸ ಪತ್ರಿಕೆಗಳ ಪಾಲಿಗೆ ಬಂತು. ಹಾಗೆ ಹೊತ್ತುಕೊಂಡವರಲ್ಲಿ ಮುಖ್ಯರು ಎಂ. ವೆಂಕಟಕೃಷ್ಣಯ್ಯ, ಮೈಸೂರಿನವರ ಬಾಯಲ್ಲಿ ತಾತಯ್ಯ. ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರರು, ಅನಾಥಾಲಯ ಕಟ್ಟಿದವರು, ಜೊತೆಗೆ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ', 'ಸಂಪದಭ್ಯುದಯ'ದಂಥ ಪತ್ರಿಕೆಗಳ ಹಿಂದಿದ್ದವರು. ಮೇಷ್ಟರ ಮರ್ಯಾದೆ ಬಿಡದೆ, ಆದರೆ ಬಿಗಿಯಾಗಿ, ದಿವಾನರ ಆಡಳಿತವನ್ನು ಅವರು ಪ್ರಶ್ನಿಸುತ್ತಿದ್ದರು.

ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ವೃತ್ತಪತ್ರಿಕಾ ಕಾನೂನು ಬಂತು. ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು, ಸರ್ಕಾರಕ್ಕೆ ಬೇಡವೆನಿಸಿದ ದಿನ ಆ ಅನುಮತಿ ಇಲ್ಲ. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ತಿಲಕರಿಗೆ ರಾಜದ್ರೋಹದ ಮೇಲೆ ಆರು ವರ್ಷ ಶಿಕ್ಷೆಯಾಯಿತು. ಮಾದರಿ ಸಂಸ್ಥಾನ ಎಂದು ಹೊಗಳಿಸಿಕೊಳ್ಳುತ್ತಿದ್ದ ಮೈಸೂರು ಈ ವಿಷಯದಲ್ಲಿ ಬ್ರಿಟಿಷರಿಗಿಂತ ಹಿಂದೆ ಬೀಳಲಿಲ್ಲ. ಅನುಮತಿ ಬೇಡಿ ಪತ್ರಿಕೆ ನಡೆಸಲು ತಾತಯ್ಯನವರು ಒಪ್ಪಲಿಲ್ಲ. ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಸಂಪಾದಕನೊಬ್ಬನಿಗೆ ಇದಕ್ಕಿಂತ ದೊಡ್ಡ ತ್ಯಾಗ ಯಾವುದಿದೆ? ಆ ಮೌನವೇ ಆ ವರ್ಷದ ಅತ್ಯಂತ ಗಟ್ಟಿಯಾದ ಸಂಪಾದಕೀಯ ಎಂದು ನನಗೆ ಅನಿಸುತ್ತದೆ.

ಆ ಕಾನೂನಿನ ನೆರಳಿನಲ್ಲೇ ಪತ್ರಿಕೋದ್ಯಮ ಕಲಿತ ತರುಣ ಡಿ.ವಿ. ಗುಂಡಪ್ಪ. 'ಮಂಕುತಿಮ್ಮನ ಕಗ್ಗ'ದ ಡಿವಿಜಿಯವರನ್ನು ಮನೆಮನೆಯಲ್ಲೂ ಬಲ್ಲೆವು, ಪತ್ರಕರ್ತ ಡಿವಿಜಿಯವರನ್ನು ಬಹುಮಟ್ಟಿಗೆ ಮರೆತಿದ್ದೇವೆ. 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದವರು, 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷರಾಗಿದ್ದವರು, 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಬರೆದವರು. ರಾಜಕೀಯವನ್ನು ಚರ್ಚಿಸುವವನು ಮೊದಲು ಅಂಕಿಅಂಶ ಓದಬೇಕು, ಕಾನೂನು ಓದಬೇಕು, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ತಿಳಿದಿರಬೇಕು ಎಂಬ ಶಿಸ್ತು ಅವರದು. ಆ ಶಿಸ್ತಿಗೆ ಒಂದು ಮನೆ ಕಟ್ಟುವಂತೆ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿಸಿದರು. ಕೊನೆಗಾಲದಲ್ಲಿ ಸನ್ಮಾನವಾಗಿ ಬಂದ ಹಣವನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಅತ್ತ ಮುಂಬಯಿ ಕರ್ನಾಟಕದಲ್ಲಿ ಹೋರಾಟ ಇನ್ನೂ ನೇರವಾಗಿತ್ತು. 1921ರಲ್ಲಿ ಧಾರವಾಡದಿಂದ 'ಕರ್ಮವೀರ', 1929ರಲ್ಲಿ ಬೆಳಗಾವಿಯಿಂದ 'ಸಂಯುಕ್ತ ಕರ್ನಾಟಕ' ಹೊರಟವು. ರಂಗನಾಥ ದಿವಾಕರ, ಮೊಹರೆ ಹಣಮಂತರಾಯರಂಥವರಿಗೆ ಸಂಪಾದಕನ ಕುರ್ಚಿಗೂ ಚಳವಳಿಗೂ ನಡುವೆ ಗೋಡೆಯೇ ಇರಲಿಲ್ಲ. ಬೆಂಗಳೂರಿನಲ್ಲಿ ತಿರುಮಲೆ ತಾತಾಚಾರ್ಯ ಶರ್ಮರ 'ವಿಶ್ವಕರ್ನಾಟಕ' ಸರ್ಕಾರದ ಕೆಂಗಣ್ಣಿಗೆ ಗುರಿಯಾಯಿತು.

ಈ ಮಹನೀಯರ ಪಟ್ಟಿ ಓದುವಾಗಲೆಲ್ಲ ನನಗೆ ಒಂದು ಕೊರತೆ ಕಾಡುತ್ತದೆ. ಇವರಲ್ಲಿ ಬಹುಮಂದಿಯ ಕಣ್ಣು ಸರ್ಕಾರದ ಮೇಲೆ ನೆಟ್ಟಿತ್ತು. ಮನೆಯೊಳಗೆ ಏನು ನಡೆಯುತ್ತಿದೆ ಎಂದು ಪತ್ರಿಕೆಯಲ್ಲಿ ಎತ್ತಿದವರು ಬೇರೆಯವರು, ಅವರಿಗೆ ನಮ್ಮ ಚರಿತ್ರೆ ಬಹುಕಾಲ ಜಾಗ ಕೊಡಲಿಲ್ಲ. ನಂಜನಗೂಡಿನ ತಿರುಮಲಾಂಬ ಹುಟ್ಟಿದ್ದು 1887ರಲ್ಲಿ, ಡಿವಿಜಿ ಹುಟ್ಟಿದ ವರ್ಷವೇ. ಬಾಲ್ಯದಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮನೆಯಲ್ಲೇ ಓದು. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಆರಂಭಿಸಿದರು. ಆಮೇಲೆ 'ಕರ್ನಾಟಕ ನಂದಿನಿ' ಮಾಸಪತ್ರಿಕೆ. ಬರೆಯುವುದು, ತಿದ್ದುವುದು, ಪ್ರಕಟಿಸುವುದು ಎಲ್ಲವನ್ನೂ ಹೊತ್ತ ವಿಧವೆ ಹೆಣ್ಣುಮಗಳು, ಆ ಕಾಲದ ನಂಜನಗೂಡಿನಲ್ಲಿ! ಅವರ ಎಲ್ಲ ವಿಚಾರಗಳೂ ಇಂದಿನವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ, ಸಂಪ್ರದಾಯದ ಚೌಕಟ್ಟನ್ನು ಅವರು ಪೂರ್ತಿ ಮುರಿದವರಲ್ಲ. ಆದರೆ ಹೆಣ್ಣಿನ ಓದು, ಹೆಣ್ಣಿನ ಬದುಕು ಸಾರ್ವಜನಿಕ ಚರ್ಚೆಯ ವಿಷಯ ಎಂದು ಪತ್ರಿಕೆಯ ಮೂಲಕ ಸ್ಥಾಪಿಸಿದರು. ಮುಂದೆ ಅವರು ಬರೆಯುವುದನ್ನು ನಿಲ್ಲಿಸಿದರು, ಕನ್ನಡ ಅವರನ್ನು ಮರೆಯಿತು. ಅವರು ಬದುಕಿದ್ದದ್ದು 1982ರವರೆಗೆ. ಅದೇ ಹಾದಿಯಲ್ಲಿ, 1921ರಲ್ಲಿ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ಆರಂಭಿಸಿದ 'ಸರಸ್ವತಿ' ಪತ್ರಿಕೆ ದಶಕಗಳ ಕಾಲ ನಡೆಯಿತು.

ಸ್ವಾತಂತ್ರ್ಯ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ನಿನ್ನೆ ಜೈಲಿನಲ್ಲಿದ್ದವರು ಇವತ್ತು ಮಂತ್ರಿಗಳು. ರಂಗನಾಥ ದಿವಾಕರರೇ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡರು, ರೇಡಿಯೋ ಕೂಡ ಅವರ ಖಾತೆಗೇ ಸೇರಿತ್ತು. ನಮ್ಮವರೇ ಆಳುವಾಗ ಟೀಕೆ ಮಾಡುವುದು ಹೇಗೆ? 1948ರಲ್ಲಿ ಹುಟ್ಟಿದ 'ಪ್ರಜಾವಾಣಿ'ಯಲ್ಲಿ ಟಿ.ಎಸ್. ರಾಮಚಂದ್ರರಾಯರು 'ಛೂಬಾಣ' ಅಂಕಣದ ಮೂಲಕ ಒಂದು ದಾರಿ ತೋರಿಸಿದರು. ಚುಟುಕು ಮಾತು, ಮೊನಚು, ಎದುರಿಗಿದ್ದವನೂ ನಗುತ್ತಲೇ ಮುಟ್ಟಿ ನೋಡಿಕೊಳ್ಳಬೇಕು. ರಾಶಿಯವರ 'ಕೊರವಂಜಿ' ಪತ್ರಿಕೆ 1942ರಿಂದ ಕಾಲು ಶತಮಾನ ನಗೆಯಲ್ಲೇ ಇದೇ ಕೆಲಸ ಮಾಡಿತು. ಅದೇ ಕಾಲದಲ್ಲಿ ಬೆಳೆದ ಇನ್ನೊಂದು ಜಾಗವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಅದು ಓದುಗರ ಪತ್ರಗಳ ಅಂಕಣ, 'ಪ್ರಜಾವಾಣಿ'ಯಲ್ಲಿ 'ವಾಚಕರ ವಾಣಿ'. ಹಳದಿ ಅಂಚೆ ಕಾರ್ಡಿನ ಮೇಲೆ 'ಮಾನ್ಯರೇ' ಎಂದು ಶುರುಮಾಡಿ, ಜಾಗ ಸಾಲದೆ ಅಂಚಿನಲ್ಲೂ ಬರೆದು, ಬಸ್ಸು ನಿಲ್ಲದ ಊರಿನ ಬಗ್ಗೆ, ಮೇಷ್ಟರಿಲ್ಲದ ಶಾಲೆಯ ಬಗ್ಗೆ, ದೆಹಲಿಯ ವಿದೇಶಾಂಗ ನೀತಿಯ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಬರೆದ ಲಕ್ಷಾಂತರ ಕನ್ನಡಿಗರಿದ್ದಾರೆ. ಪ್ರಜಾಪ್ರಭುತ್ವದ ಅಕ್ಷರಾಭ್ಯಾಸ ನಮಗೆ ಆದದ್ದು ಅಲ್ಲಿ.

1970ರ ದಶಕಕ್ಕೆ ಬರುತ್ತೇನೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಸಾವಿರ ವರ್ಷದ ಸಾಹಿತ್ಯದಲ್ಲಿ ನನ್ನ ಜನ, ದಲಿತರು, ಎಲ್ಲಿದ್ದಾರೆ ಎಂಬ ನೋವು ಆ ಮಾತಿನ ಹಿಂದಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಮಾತು ಒರಟಾಗಿತ್ತು, ಅದಕ್ಕೆ ವಾದದಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಆದದ್ದೇನು? ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಇಲ್ಲಿ ಬಾಯಿ ಮುಚ್ಚಿಸಿದ್ದು ಯಾವ ದಿವಾನರ ಕಾನೂನೂ ಅಲ್ಲ. ಓದಿದ ಜನ, ಕನ್ನಡದ ಹೆಸರಿನಲ್ಲಿಯೇ, ಒಬ್ಬ ಮಂತ್ರಿಯ ಬಾಯಿ ಮುಚ್ಚಿಸಿದರು. ಆ ಗಾಯದಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, 'ಪಂಚಮ'ದಂಥ ಪತ್ರಿಕೆ ಹುಟ್ಟಿತು. ಪತ್ರಿಕೆಯ ಕಚೇರಿಯೊಳಗೆ ಕಾಲಿಡಲು ಅವಕಾಶವಿಲ್ಲದವರು ತಾವೇ ಪತ್ರಿಕೆ ಮಾಡಿಕೊಂಡರು.

ಎರಡು ವರ್ಷದೊಳಗೆ ತುರ್ತುಪರಿಸ್ಥಿತಿ. 1975ರ ಜೂನ್ 26ರ ಬೆಳಿಗ್ಗೆ ದೇಶ ಆ ಸುದ್ದಿಯನ್ನು ಪ್ರಧಾನಿಯವರ ದನಿಯಲ್ಲೇ ಕೇಳಿದ್ದು ರೇಡಿಯೋದಲ್ಲಿ. ಮುಂದಿನ ಇಪ್ಪತ್ತೊಂದು ತಿಂಗಳು ಆಕಾಶವಾಣಿ ಸರ್ಕಾರ ಹೇಳಿದ್ದನ್ನಷ್ಟೇ ಹೇಳಿತು, ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು ಆರೋಗ್ಯ ಕೆಟ್ಟ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಈ ಮಾತನ್ನು ರೇಡಿಯೋದಲ್ಲೇ ಆಡುವುದು ನ್ಯಾಯ ಎಂದು ಆಡುತ್ತಿದ್ದೇನೆ.

1980ರಲ್ಲಿ ಲೇಖಕ ಪಿ. ಲಂಕೇಶ್ ತಮ್ಮ ಪತ್ರಿಕೆ ಆರಂಭಿಸಿದರು. ಅದೇ ವರ್ಷದ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿ ಗೋಲಿಬಾರಿನಲ್ಲಿ ರಕ್ತ ಕಂಡಿತು. ಗುಂಡೂರಾಯರ ಸರ್ಕಾರದ ವಿರುದ್ಧ ರೈತರು, ದಲಿತರು, ಗೋಕಾಕ್ ಚಳವಳಿಯ ಕನ್ನಡಿಗರು ಒಂದಾದ ಮೇಲೊಂದು ಎದ್ದು ನಿಂತ ಕಾಲ ಅದು. ಜಾಹೀರಾತು ಬೇಡ, ಓದುಗ ಕೊಟ್ಟ ದುಡ್ಡಿನಲ್ಲೇ ಪತ್ರಿಕೆ ನಡೆಯಬೇಕು ಎಂದು ಲಂಕೇಶ್ ಹಟ ಹಿಡಿದರು. ಹಟ ಗೆದ್ದಿತು. ಮಂತ್ರಿಗಳು ವಾರ ವಾರ ಅದನ್ನು ಓದಿ ಬೆವರುತ್ತಿದ್ದುದನ್ನು ಎಲ್ಲರೂ ಹೇಳುತ್ತಾರೆ, 1983ರ ಸರ್ಕಾರದ ಬದಲಾವಣೆಯಲ್ಲಿ ಅದರ ಪಾಲನ್ನೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಸಾಧನೆ ಬೇರೆ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಎಂಬ ಗೃಹಿಣಿಯ ಬರಹಕ್ಕೆ ಆ ಪತ್ರಿಕೆ ಜಾಗ ಕೊಟ್ಟಿತು. 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅಲ್ಲಿಯೇ. ಅಪ್ಪನ ಹಟಕ್ಕೆ ತಲಾಖ್ ಆಗಿ, ಗಂಡನನ್ನು ಮತ್ತೆ ಸೇರಬೇಕಾದರೆ ಬೇರೊಬ್ಬನ ಜೊತೆ ಒಂದು ರಾತ್ರಿಯ ಮದುವೆ ಆಗಬೇಕಾದ ನಾದಿರಾಳ ಕಥೆ. ಮುಸ್ಲಿಂ ಹೆಣ್ಣಿನ ಒಳಮನೆಯ ಸಂಕಟವನ್ನು ಮುಸ್ಲಿಂ ಹೆಣ್ಣೇ ಕನ್ನಡದಲ್ಲಿ ಬರೆದಾಗ ಅವರ ಸಮುದಾಯದಿಂದಲೇ ಬೈಗುಳ ಬಂತು. ಅವರು ನಿಲ್ಲಿಸಲಿಲ್ಲ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರರಾದರು. ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಕೋರ್ಟು ಅಲೆದು ಬರೆದ ಕೈಯೇ ಕಥೆಗಳನ್ನೂ ಬರೆಯಿತು. ರಾಜಕೀಯ ವರದಿಗೂ ಮನೆಯೊಳಗಿನ ಕಥೆಗೂ ಒಂದೇ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ಆಗ. ತಾತಯ್ಯನವರ ಕಾಲದಲ್ಲಿ ಬೇರೆ ಬೇರೆ ಹರಿಯುತ್ತಿದ್ದ ಎರಡು ಕಾಳಜಿಗಳು ಒಂದೆಡೆ ಕೂಡಿದವು.

ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಲಂಕೇಶರ ದಾರಿ ಹಿಡಿದೆವೆಂದ ಎಷ್ಟೋ ವಾರಪತ್ರಿಕೆಗಳು ಅವರ ಅಧ್ಯಯನವನ್ನು ಬಿಟ್ಟು ಬೈಗುಳವನ್ನಷ್ಟೇ ಕಲಿತವು. ಹೆಂಗಸರ ಖಾಸಗಿ ಬದುಕು ಸರಕಾಯಿತು, ಬೆದರಿಸಿ ದುಡ್ಡು ಕೀಳುವುದೂ ಪತ್ರಿಕೋದ್ಯಮ ಎನಿಸಿಕೊಂಡಿತು. ಒಳ್ಳೆಯ ಪ್ರಯತ್ನಗಳು ಸೋತದ್ದೂ ಇದೆ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಕೂಡಿಸಿ ಮಂಗಳೂರಿನಲ್ಲಿ ಕಟ್ಟಿದ 'ಮುಂಗಾರು' ದಿನಪತ್ರಿಕೆ ಅಂಥದ್ದು. ಜಾತಿಯನ್ನು, ಕೋಮುವಾದವನ್ನು ನೇರವಾಗಿ ಎತ್ತಿಕೊಂಡ ಆ ಪತ್ರಿಕೆ ಮುಂದೆ ಮುಚ್ಚಿತು. ಇವತ್ತು ಟಿ.ವಿ.ಯಲ್ಲಿ ಸಂಜೆ ಏಳಕ್ಕೆ ಆರು ಜನ ಒಟ್ಟಿಗೆ ಕೂಗುವುದನ್ನು ಚರ್ಚೆ ಎನ್ನುತ್ತಾರೆ. ಅಲ್ಲಿ ಯಾರಾದರೂ ಎದುರಿನವರ ಮಾತು ಕೇಳಿ ಮನಸ್ಸು ಬದಲಿಸಿದ್ದನ್ನು ನೋಡಿದ್ದೀರಾ?

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಲಂಕೇಶರ ಮಗಳು, ಸಂಪಾದಕಿ ಗೌರಿಯವರನ್ನು ಅವರ ಮನೆಯೆದುರೇ ಕೊಂದರು. ಗೌರಿಯವರ ಬರಹ ಒಪ್ಪದವರು ಬಹಳ ಮಂದಿ ಇದ್ದರು, ಒಪ್ಪದಿರುವುದು ಅವರ ಹಕ್ಕು. ಗುಂಡಿಗೆ ಅಂಥ ಹಕ್ಕು ಯಾರೂ ಕೊಟ್ಟಿಲ್ಲ.

ಬಾನು ಮುಷ್ತಾಕ್ ಅವರ ವಿಷಯ ಪೂರ್ತಿ ಮಾಡುತ್ತೇನೆ. ಮಸೀದಿಗೆ ಹೆಂಗಸರೂ ಹೋಗಬಹುದು ಎಂದದ್ದಕ್ಕೆ 2000ದಲ್ಲಿ ಅವರ ಸಮುದಾಯವೇ ಅವರ ಕುಟುಂಬಕ್ಕೆ ಬಹಿಷ್ಕಾರ ಹಾಕಿತು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿಯವರ ಜೊತೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ವರ್ಷದ ಮೈಸೂರು ದಸರೆ ಉದ್ಘಾಟಿಸಲು ರಾಜ್ಯ ಸರ್ಕಾರ ಅವರನ್ನು ಕರೆಯಿತು. ಈ ಸಲ ವಿರೋಧ ಬೇರೆ ಕಡೆಯಿಂದ ಬಂತು, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅರ್ಜಿಗಳು ಹೋದವು. ಎರಡೂ ಕೋರ್ಟುಗಳು ಅರ್ಜಿಗಳನ್ನು ವಜಾ ಮಾಡಿದವು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರು ದಸರೆ ಉದ್ಘಾಟಿಸಿದರು. 1908ರಲ್ಲಿ ಬರೆಯುವವರ ಎದುರು ನಿಂತದ್ದು ಸರ್ಕಾರ. ಇಲ್ಲಿ ಸರ್ಕಾರ ಕರೆದಿತ್ತು, ಕೋರ್ಟು ತಡೆಯಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಎರಡು ಸಲ ಅವರ ಎದುರು ನಿಂತವರು ನಾವು, ಜನ.