ಹಾಲಿಲ್ಲದ ಸಸ್ಯಾಹಾರ ಮತ್ತು ಎದೆಯುರಿಯ ನಿವಾರಣೆ

ತಾಪಿ ನದಿಯು ಅರಬ್ಬಿ ಸಮುದ್ರವನ್ನು ಸೇರುವ ಎಡೆಯಲ್ಲಿ, ಸೂರತ್ ನಗರಕ್ಕೆ ಸಮೀಪದಲ್ಲಿರುವ ಹಜೀರಾ ಇಂದು ರಸಗೊಬ್ಬರ, ನೈಸರ್ಗಿಕ ಅನಿಲ, ಉಕ್ಕು ಮತ್ತು ಭಾರಿ ಯಂತ್ರೋಪಕರಣಗಳ ಕಾರ್ಖಾನೆಗಳಿಂದ ಹೆಸರುವಾಸಿಯಾಗಿದೆ. ಕೈಗಾರಿಕೆಗಳು ಬರುವುದಕ್ಕೆ ಮುಂಚೆ ಈ ಕಡಲತೀರದ ಊರು ಹೊರಗಿನವರಿಗೆ ಪರಿಚಿತವಾಗಿದ್ದುದು ಬೇರೊಂದು ಕಾರಣಕ್ಕೆ. ಕಬ್ಬಿಣ ಮತ್ತು ಸೋಡದ ಅಂಶವುಳ್ಳ ನೀರಿನ ಬಾವಿಗಳು ಇಲ್ಲಿರುವುದಾಗಿ ಪ್ರವಾಸಿ ಕೈಪಿಡಿಗಳು ತಿಳಿಸುತ್ತವೆ. ಸೋಡವು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆಂಬುದು ಜನರಿಗೆ ಬಹುಕಾಲದಿಂದ ತಿಳಿದ ಸಂಗತಿ. ಆದರೆ ಹಗಲು ರಾತ್ರಿಯ ಪಾಳಿಗಳಲ್ಲಿ ದುಡಿಯುವ ಇಂದಿನ ಹಜೀರಾದ ನೌಕರನಿಗೆ, ಉದ್ಯೋಗಕ್ಕಾಗಿ ಕರ್ನಾಟಕದಿಂದ ಅಲ್ಲಿಗೆ ಹೋಗಿ ನೆಲೆಸಿದ ಕುಟುಂಬಗಳಿಗೆ, ಎದೆಯುರಿಯ ಪರಿಹಾರ ಬಾವಿಯ ನೀರಿನಲ್ಲಿಲ್ಲ. ಅದು ಅವರ ತಟ್ಟೆಯಲ್ಲಿಯೂ ಗಡಿಯಾರದಲ್ಲಿಯೂ ಇದೆ.

ಬಂಧುಗಳೇ, ಎದೆಯುರಿ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವ ಮದ್ದು ಒಂದು ಲೋಟ ತಣ್ಣನೆಯ ಹಾಲು, ಇಲ್ಲವೆ ನೀರು ಮಜ್ಜಿಗೆ. ಈಚಿನ ವರ್ಷಗಳಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಮುಂತಾದ ಎಲ್ಲ ಪ್ರಾಣಿಜನ್ಯ ಪದಾರ್ಥಗಳನ್ನು ಬಿಟ್ಟವರ ಸಂಖ್ಯೆ ಹೆಚ್ಚುತ್ತಿದೆ. ಇಂಥ ಆಹಾರಕ್ರಮಕ್ಕೆ ‘ವೀಗನ್’ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರಿಂದ ಬಳಕೆಗೆ ಬಂದಿತು. ಜೀವದಯೆಯಿಂದ ಈ ಮಾರ್ಗವನ್ನು ಹಿಡಿದವರುಂಟು. ಹಾಲು ಜೀರ್ಣವಾಗದೆ ಬಿಟ್ಟವರೂ ಉಂಟು. ಅವರಿಗೆ ಎದೆಯುರಿ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ಹಾಲಿಲ್ಲದೆ ಉರಿಯನ್ನು ತಣಿಸುವುದು ಹೇಗೆ? ಇಷ್ಟೊಂದು ‘ಶುದ್ಧ’ವಾದ ಆಹಾರದಲ್ಲಿಯೂ ಉರಿ ಬಂದುದೇಕೆ?

ಇವಕ್ಕೆ ಉತ್ತರ ಕಾಣಲು ಎದೆಯುರಿ ಹುಟ್ಟುವ ಬಗೆಯನ್ನು ತಿಳಿಯಬೇಕು. ಜಠರದಲ್ಲಿ ಆಹಾರವನ್ನು ಅರಗಿಸಲು ಹೈಡ್ರೋಕ್ಲೋರಿಕ್ ಆಮ್ಲ ಸ್ರವಿಸುತ್ತದೆ. ಈ ತೀಕ್ಷ್ಣ ಆಮ್ಲವನ್ನು ತಾಳಿಕೊಳ್ಳುವ ರಕ್ಷಣೆಯ ಲೇಪ ಜಠರದ ಒಳಗೋಡೆಗೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಎರಡೂ ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದ್ದು, ಆಹಾರ ಕೆಳಗಿಳಿಯುವಾಗ ತೆರೆದು ಬಳಿಕ ಮುಚ್ಚಿಕೊಳ್ಳುತ್ತದೆ. ಇದು ಸಡಿಲಗೊಂಡಾಗ ಅಥವಾ ತುಂಬಿದ ಹೊಟ್ಟೆಯ ಒತ್ತಡ ಹೆಚ್ಚಿದಾಗ ಆಮ್ಲವು ಮೇಲಕ್ಕೆ ಉಕ್ಕುತ್ತದೆ. ಎದೆಯ ನಡುವಿನ ಉರಿ, ಹುಳಿತೇಗು, ಬಾಯಿಗೆ ಬರುವ ಕಹಿನೀರು ಇವು ಅದರ ಚಿಹ್ನೆಗಳು. ಹೃದಯಕ್ಕೂ ಈ ಉರಿಗೂ ಸಂಬಂಧವಿಲ್ಲ. ಬಹಳಷ್ಟು ಮಂದಿಯಲ್ಲಿ ಆಮ್ಲವು ಅತಿಯಾಗಿ ಉತ್ಪತ್ತಿಯಾಗಿರುವುದಿಲ್ಲ. ಇರಬೇಕಾದ ಸ್ಥಳವನ್ನು ಬಿಟ್ಟು ಮೇಲೇರಿರುತ್ತದೆ, ಅಷ್ಟೆ.

ಹಾಲಿನ ವಿಷಯವನ್ನು ಈ ದೃಷ್ಟಿಯಿಂದ ನೋಡಬೇಕು. ಹಾಲು ಕುಡಿದ ಕೂಡಲೇ ಆಮ್ಲದ ತೀಕ್ಷ್ಣತೆ ತುಸು ತಗ್ಗಿ ಹಿತವೆನಿಸುವುದು ನಿಜ. ಆದರೆ ಹಾಲಿನಲ್ಲಿರುವ ಸಸಾರಜನಕ ಮತ್ತು ಸುಣ್ಣದ ಅಂಶಗಳು ಜಠರವನ್ನು ಪ್ರಚೋದಿಸಿ ಮತ್ತಷ್ಟು ಆಮ್ಲ ಸ್ರವಿಸುವಂತೆ ಮಾಡುತ್ತವೆ. ಗಟ್ಟಿ ಹಾಲಿನ ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ. ಆದುದರಿಂದ ಹಾಲನ್ನು ಬಿಟ್ಟವರು ಒಂದು ದಿವ್ಯೌಷಧವನ್ನು ಕಳೆದುಕೊಂಡೆವೆಂದು ಭಾವಿಸಬೇಕಾಗಿಲ್ಲ. ಹಾಗೆಯೇ, ಹಾಲನ್ನು ಬಿಟ್ಟ ಮಾತ್ರಕ್ಕೆ ಎದೆಯುರಿ ಗುಣವಾಗುತ್ತದೆಂದು ನಂಬುವುದೂ ಸರಿಯಲ್ಲ.

ಧಾನ್ಯ, ಬೇಳೆ, ತರಕಾರಿ, ಹಣ್ಣುಗಳಿಂದ ಕೂಡಿದ ಆಹಾರದಲ್ಲಿ ನಾರು ಹೆಚ್ಚು, ಕೊಬ್ಬು ಕಡಿಮೆ. ಇದು ಉರಿಯುಳ್ಳವರಿಗೆ ಅನುಕೂಲವೇ ಸರಿ. ಗಂಟಲಿನವರೆಗೆ ಆಮ್ಲವೇರುವ ರೋಗಿಗಳನ್ನು ಕುರಿತು 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಹುಪಾಲು ಸಸ್ಯಮೂಲದ ಆಹಾರವನ್ನೂ ಕ್ಷಾರೀಯ ನೀರನ್ನೂ ಅನುಸರಿಸಿದವರು ಔಷಧಿ ಸೇವಿಸಿದವರಷ್ಟೇ ಸುಧಾರಣೆ ತೋರಿದರು. ಹಳೆಯ ದಾಖಲೆಗಳನ್ನು ಹೋಲಿಸಿ ಮಾಡಿದ ಅಧ್ಯಯನ ಅದಾದುದರಿಂದ ಅದನ್ನೇ ಕೊನೆಯ ಮಾತೆಂದು ಹೇಳಲಾಗದಿದ್ದರೂ, ಆಹಾರದ ಮಹತ್ತ್ವವನ್ನು ಅದು ಸೂಚಿಸುತ್ತದೆ.

ಆದರೆ ಸಸ್ಯಮೂಲದ್ದೆಲ್ಲ ಹೊಟ್ಟೆಗೆ ಹಗುರವಲ್ಲ. ಸೂರತ್ತಿನ ಊಟವೇ ಇದಕ್ಕೆ ನಿದರ್ಶನ. ಮಕರ ಸಂಕ್ರಾಂತಿಯ ಸುಮಾರಿಗೆ ಮನೆಮನೆಯಲ್ಲಿ ಸಿದ್ಧವಾಗುವ ಊಂಧಿಯು, ಅವರೆ, ಬದನೆ, ಗೆಣಸು, ಸುವರ್ಣಗೆಡ್ಡೆಗಳಿಂದ ಮಾಡಿದ ಪುಷ್ಟಿಕರ ಪಲ್ಯ. ಆದರೆ ಅದರಲ್ಲಿ ಎಣ್ಣೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ಸೇವು, ಗಾಠಿಯಾ, ಫಾಫಡಾ ಮೊದಲಾದ ಕಡಲೆಹಿಟ್ಟಿನ ಕುರುಕಲು ತಿಂಡಿಗಳು ಎಣ್ಣೆಯಲ್ಲಿ ಕರಿದವು. ಕನ್ನಡಿಗರ ಅಡುಗೆಮನೆಯಲ್ಲಿಯೂ ಬೋಂಡ, ಪೂರಿ, ದಪ್ಪನೆಯ ತೆಂಗಿನ ಹಾಲಿನ ಸಾಗು, ಶೇಂಗಾ ಚಟ್ನಿ ಹಾಲಿಲ್ಲದವೇ ಹೌದು. ಕೊಬ್ಬಿನಿಂದ ತುಂಬಿದವೂ ಹೌದು. ಕೊಬ್ಬು ಹೆಚ್ಚಾದ ಊಟ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಸ್ನಾಯುವಿನ ಉಂಗುರವನ್ನೂ ಸಡಿಲಿಸುತ್ತದೆ. ಆದ್ದರಿಂದ ವೀಗನ್ ಆಹಾರದವರು ಮೊದಲು ಪರೀಕ್ಷಿಸಬೇಕಾದದ್ದು ಬಾಣಲೆಯನ್ನು. ಕರಿಯುವುದರ ಬದಲು ಹಬೆಯಲ್ಲಿ ಬೇಯಿಸುವುದು ಸುಲಭವಾದ ಮೊದಲ ಹೆಜ್ಜೆ. ನಮ್ಮ ಇಡ್ಲಿ, ಕಡುಬುಗಳೂ ಗುಜರಾತಿನ ಹಬೆಯ ತಿಂಡಿ ಖಮಣವೂ ಇದಕ್ಕೆ ಒದಗುತ್ತವೆ. ಖಮಣದ ಮೇಲೆ ಸುರಿಯುವ ಒಗ್ಗರಣೆ ಮಾತ್ರ ಮಿತವಾಗಿರಬೇಕು.

ಎರಡನೆಯದು ಊಟದ ಪ್ರಮಾಣ. ಬೇಳೆಕಾಳುಗಳಿಂದಲೇ ಸಸಾರಜನಕವನ್ನು ಪಡೆಯಬೇಕಾದವರು ಒಂದೇ ಹೊತ್ತಿನಲ್ಲಿ ಬಹಳ ತಿಂದರೆ ಹೊಟ್ಟೆಯುಬ್ಬರಿಸಿ ಆಮ್ಲ ಮೇಲೇರುತ್ತದೆ. ಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಿ, ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡು ತಿನ್ನುವುದು ಒಳ್ಳೆಯದು. ಹೊಸದಾಗಿ ಈ ಆಹಾರಕ್ರಮಕ್ಕೆ ಬಂದವರು ಕಾಳಿನ ಪ್ರಮಾಣವನ್ನು ಕೆಲವು ವಾರಗಳಲ್ಲಿ ಕ್ರಮೇಣ ಹೆಚ್ಚಿಸಬೇಕು.

ಮೂರನೆಯದು ಹೊತ್ತು. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆಗಳಾದರೂ ಅಂತರವಿರಬೇಕೆಂಬುದು ವೈದ್ಯರ ಸಲಹೆ. ಗುಜರಾತಿನಲ್ಲಿಯೂ ಕರ್ನಾಟಕದಲ್ಲಿಯೂ ಜೈನ ಬಂಧುಗಳು ಸೂರ್ಯಾಸ್ತದ ನಂತರ ಉಣ್ಣದ ವ್ರತವನ್ನು ಪಾಲಿಸುತ್ತ ಬಂದಿದ್ದಾರೆ. ಅದರ ಉದ್ದೇಶ ಅಹಿಂಸೆ. ಆದರೆ ಅದರಿಂದ ಎದೆಯುರಿಗೂ ತಡೆಯೊದಗುತ್ತದೆ. ಪಾಳಿಯ ನೌಕರರಿಗೆ ಸೂರ್ಯನ ಲೆಕ್ಕ ಹೊಂದದು. ಅವರಿಗೆ ನಿದ್ರೆಯ ಲೆಕ್ಕವೇ ಮುಖ್ಯ. ರಾತ್ರಿಪಾಳಿ ಮುಗಿಸಿ ಬೆಳಗಿನ ಏಳು ಗಂಟೆಗೆ ಮನೆಗೆ ಬಂದು, ಹೊಟ್ಟೆ ತುಂಬ ತಿಂದು, ಒಡನೆಯೇ ಮಲಗುವವರು ಉರಿಯನ್ನು ತಾವೇ ಕರೆದಂತೆ. ಅಂಥವರು ಪಾಳಿಗೆ ಹೊರಡುವ ಮುನ್ನ ಮುಖ್ಯ ಊಟ ಮುಗಿಸಿ, ನಡುರಾತ್ರಿಯಲ್ಲಿ ಹಗುರವಾದುದನ್ನು ತಿಂದು, ಮಲಗುವ ಮುನ್ನ ಹಸಿವಿದ್ದರೆ ಒಂದು ಬಾಳೆಹಣ್ಣು ಅಥವಾ ತೆಳುವಾದ ಗಂಜಿಯಷ್ಟಕ್ಕೆ ನಿಲ್ಲಿಸಬೇಕು. ಮಂಚದ ತಲೆಯ ಭಾಗವನ್ನು ಮರದ ದಿಮ್ಮಿ ಅಥವಾ ಇಟ್ಟಿಗೆಯಿಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದೂ ಎಡಮಗ್ಗುಲಿಗೆ ಮಲಗುವುದೂ ಉಪಯುಕ್ತ. ದಿಂಬುಗಳನ್ನು ಪೇರಿಸುವುದರಿಂದ ಹೊಟ್ಟೆ ಮಡಿಚಿ ಒತ್ತಡವೇ ಹೆಚ್ಚುತ್ತದೆ.

ಅಡುಗೆಗೆ ಬೇಕಾದ ಸಾಮಗ್ರಿ ದೂರದಲ್ಲಿಲ್ಲ. ದಕ್ಷಿಣ ಗುಜರಾತಿನ ಡಾಂಗ್ ಗುಡ್ಡಗಾಡಿನಲ್ಲಿ ಬೆಳೆಯುವ ‘ನಾಗಲಿ’ ಎಂಬುದು ನಮ್ಮ ರಾಗಿಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಹಾಲನ್ನು ಬಿಟ್ಟವರಿಗೆ ಅದು ವಿಶೇಷವಾಗಿ ಬೇಕಾದ ಧಾನ್ಯ. ಮಜ್ಜಿಗೆ ಬೆರೆಸದ ರಾಗಿ ಅಂಬಲಿ, ಜೋಳದ ರೊಟ್ಟಿ, ಹೆಸರುಬೇಳೆಯ ತೊವ್ವೆ, ಸೋರೆ, ಹೀರೆ, ಬೂದುಗುಂಬಳದ ಪಲ್ಯ ಇವು ಬಹುಮಟ್ಟಿಗೆ ಎಲ್ಲರಿಗೂ ಒಗ್ಗುತ್ತವೆ. ಹುಣಿಸೆ, ಟೊಮೆಟೊ, ನಿಂಬೆ, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕಾಫಿ, ಚಹಾ ಇವುಗಳಲ್ಲಿ ಒಬ್ಬರಿಗೆ ಒಂದು ಆಗದು, ಇನ್ನೊಬ್ಬರಿಗೆ ಮತ್ತೊಂದು. ಎಲ್ಲವನ್ನೂ ಒಮ್ಮೆಲೇ ತ್ಯಜಿಸಿ ಆಹಾರವನ್ನು ಬಡವಾಗಿಸುವ ಬದಲು, ಎರಡು ವಾರ ತಿಂದದ್ದನ್ನೂ ಉರಿ ಬಂದ ವೇಳೆಯನ್ನೂ ಬರೆದಿಟ್ಟು, ತಮಗೆ ಆಗದುದನ್ನು ಮಾತ್ರ ಬಿಡುವುದು ವಿವೇಕ. ಬೀಡಿ, ಸಿಗರೇಟು, ತಂಬಾಕು, ಮದ್ಯ ಇವು ಯಾರಿಗೂ ಸಲ್ಲವು. ಹೊಟ್ಟೆಯ ಬೊಜ್ಜು ಕರಗಿದಷ್ಟೂ ಉರಿ ತಗ್ಗುತ್ತದೆ.

ಇನ್ನು ಔಷಧಿಯ ಮಾತು. ಆಮ್ಲವನ್ನು ಶಮನಗೊಳಿಸುವ ಪುಡಿ ಮತ್ತು ದ್ರವಗಳು ಯಾವಾಗಲಾದರೊಮ್ಮೆ ಬರುವ ಉರಿಗೆ ಸಾಕು. ಅಡುಗೆ ಸೋಡವನ್ನು ಪದೇ ಪದೇ ಕುಡಿಯುವುದು ಸರಿಯಲ್ಲ. ಅದರ ಸೋಡಿಯಂ ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆಯುಳ್ಳವರಿಗೆ ಹಾನಿಕರ. ಒಮೆಪ್ರಜೋಲ್ ಗುಂಪಿನ ಔಷಧಿಗಳು ಆಮ್ಲದ ಸ್ರಾವವನ್ನೇ ತಗ್ಗಿಸುತ್ತವೆ. ಅವು ಪರಿಣಾಮಕಾರಿ, ಆದರೆ ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಅಂಗಡಿಯಿಂದ ಕೊಂಡು ನುಂಗುವ ವಸ್ತುಗಳಲ್ಲ.

ವೀಗನ್ ಆಹಾರದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿಯೇ ಇದೆ. ಜೀವಸತ್ವ ಬಿ-12 ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯದು. ಹಾಲು ಕುಡಿಯುವ ಸಸ್ಯಾಹಾರಿಗೆ ಅದು ಹಾಲು ಮೊಸರಿನಿಂದ ಸ್ವಲ್ಪವಾದರೂ ಸಿಗುತ್ತದೆ. ಹಾಲನ್ನೂ ಬಿಟ್ಟವರಿಗೆ ಆ ದಾರಿಯೂ ಮುಚ್ಚುತ್ತದೆ. ಯಕೃತ್ತಿನಲ್ಲಿರುವ ದಾಸ್ತಾನು ಕೆಲವು ವರ್ಷಗಳವರೆಗೆ ಕೊರತೆಯನ್ನು ಮರೆಮಾಡಬಲ್ಲದು. ಆಹಾರದಲ್ಲಿರುವ ಬಿ-12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಆಮ್ಲ ತಗ್ಗಿಸುವ ಔಷಧಿಗಳನ್ನು ಎರಡು ವರ್ಷಕ್ಕೂ ಮೀರಿ ಸೇವಿಸಿದವರಲ್ಲಿ ಬಿ-12ರ ಕೊರತೆ ಹೆಚ್ಚಾಗಿ ಕಂಡುಬಂದಿದೆ. ಹೀಗೆ ಎರಡು ಕಾರಣಗಳು ಒಂದೇ ದೇಹದಲ್ಲಿ ಕೂಡಿದರೆ ಅಪಾಯ ಇಮ್ಮಡಿಸುತ್ತದೆ. ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಆಯಾಸ, ಮರೆವು ಇದರ ಲಕ್ಷಣಗಳು; ಅಲಕ್ಷಿಸಿದರೆ ನರಗಳಿಗಾದ ಹಾನಿ ಶಾಶ್ವತವಾಗಬಹುದು. ಸಮಾಧಾನದ ಸಂಗತಿಯೆಂದರೆ, ಮಾತ್ರೆಯಲ್ಲಿರುವ ಬಿ-12 ಹೀರಿಕೆಯಾಗಲು ಜಠರದ ಆಮ್ಲವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಆದುದರಿಂದ ಹಾಲನ್ನು ಬಿಟ್ಟ ಪ್ರತಿಯೊಬ್ಬರೂ ವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಈ ಮಾತ್ರೆಯನ್ನು ನಿಯಮಿತವಾಗಿ ಸೇವಿಸಬೇಕು. ಸ್ಪಿರುಲಿನಾ ಪಾಚಿಯನ್ನು ಇದಕ್ಕೆ ಬದಲಿಯೆಂದು ನಂಬಲಾಗದು. ಸುಣ್ಣದ ಮಾತ್ರೆ ಬೇಕಾದವರು ಆಮ್ಲ ತಗ್ಗಿಸುವ ಔಷಧಿಯನ್ನೂ ಸೇವಿಸುತ್ತಿದ್ದರೆ ಕಾರ್ಬೊನೇಟ್ ಬಗೆಗಿಂತ ಸಿಟ್ರೇಟ್ ಬಗೆ ಚೆನ್ನಾಗಿ ಹೀರಿಕೆಯಾಗುತ್ತದೆ.

ಕೆಲವು ಚಿಹ್ನೆಗಳು ಕಂಡಾಗ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಟಾರಿನಂತೆ ಕಪ್ಪಾದ ಮಲ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ಉರಿ ಇವುಗಳಿಗೆ ವೈದ್ಯರ ತಪಾಸಣೆ ಅಗತ್ಯ. ಎದೆಯಲ್ಲಿ ಹಿಂಡಿದಂತಹ ನೋವು, ಬೆವರು, ಉಸಿರಾಟದ ತೊಂದರೆ, ತೋಳಿಗೆ ಅಥವಾ ದವಡೆಗೆ ಹರಡುವ ನೋವು ಇದ್ದರೆ ಅದನ್ನು ‘ಗ್ಯಾಸ್’ ಎಂದು ಕಡೆಗಣಿಸದೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಹೃದಯಾಘಾತವೂ ಎದೆಯುರಿಯ ವೇಷದಲ್ಲಿ ಬರುವುದುಂಟು.

ಒಟ್ಟಿನಲ್ಲಿ, ಹಾಲನ್ನು ಬಿಡುವುದು ಎದೆಯುರಿಗೆ ಕಾರಣವೂ ಅಲ್ಲ, ಚಿಕಿತ್ಸೆಯೂ ಅಲ್ಲ. ಎಣ್ಣೆ ಮಿತ, ಊಟ ಮಿತ, ಊಟಕ್ಕೂ ನಿದ್ರೆಗೂ ನಡುವೆ ಮೂರು ಗಂಟೆಯ ಅಂತರ ಇವಿಷ್ಟನ್ನು ಪಾಲಿಸಿದರೆ ಬಹುಮಂದಿಗೆ ಔಷಧಿಯ ಅಗತ್ಯವೇ ಬೀಳದು. ಔಷಧಿ ಅನಿವಾರ್ಯವಾದಾಗ ತಾವು ಹಾಲು ಸೇವಿಸುವುದಿಲ್ಲವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಒಂದು ಮಾತು ಹೊಟ್ಟೆಯ ಉರಿಯನ್ನು ತಣಿಸುವ ಭರದಲ್ಲಿ ನರಗಳನ್ನು ಕಳೆದುಕೊಳ್ಳದಂತೆ ಕಾಪಾಡುತ್ತದೆ.